ಎಲ್ಲದಕ್ಕೂ ಒಂದೇ ಕೋವಿ

ಮೇ 19

ಎಲೆಕೋಸಿನ ಸಸಿಗಳನ್ನು ಬಿಸಿಲಿಗಿಟ್ಟೆ. ಗಾಳಿ ಇನ್ನೂ ತಣ್ಣಗೆ. ಅಂಗಳದಲ್ಲಿ ದೋಣಿ ಬೋರಲು ಬಿದ್ದಿದೆ, ನನ್ನ ಗಂಡ ವೆಂಡೆಲ್ ಅದಕ್ಕೆ ತೇಪೆ ಹಾಕುತ್ತಿದ್ದಾನೆ. ಹೋದ ವಾರ ತನಾನಾ ನದಿಯಲ್ಲಿ ತೇಲಿ ಬಂದ ದಿಮ್ಮಿ ಬಡಿದು ಮಗುಚಿತು. ನಾವಿಬ್ಬರೂ ದಡ ಸೇರಿದೆವು. ಕೋವಿಯ ಪೆಟ್ಟಿಗೆ ದಡ ಸೇರಲಿಲ್ಲ. ಮೂರೂ ಕೋವಿ ಹೋದವು. ಬೂದಿ ಕಲಸಿದಂಥ ನೀರು, ಅದರಲ್ಲಿ ಬಿದ್ದದ್ದು ಹೋದಂತೆಯೇ.

ಕೋವಿ ಇಲ್ಲದಿದ್ದರೆ ಚಳಿಗಾಲಕ್ಕೆ ಮಾಂಸವಿಲ್ಲ. ವೆಂಡೆಲ್‌ನ ತೀರ್ಮಾನ — ಈ ಸಲ ಒಂದೇ.

"ಹೋಗೋದು ಇಬ್ಬರೂ ಜೊತೆಗೇ. ಎಲ್ಲದಕ್ಕೂ ಆಗೋ ಅಂಥದ್ದು ಒಂದಿದ್ರೆ ಸಾಕು."

"ಎಲ್ಲದಕ್ಕೂ ಅಂದ್ರೆ?"

"ಬೆಟ್ಟದ ಕುರಿಗೆ. ಕ್ಯಾರಿಬೂಗೆ. ಮೂಸ್‌ಗೆ." ತೇಪೆಯ ಅಂಚು ಒತ್ತುತ್ತ, "ಕರಡಿಗೆ."

ಕುರಿಯನ್ನು ದೂರದ ಬಂಡೆಯ ಮೇಲೆ ಹೊಡೆಯಬೇಕು. ಮೂಸ್ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಎರಡಕ್ಕೂ ಒಂದೇ ಅಳತೆಯ ಗುಂಡು. ನನ್ನ ಮನಸ್ಸಿನಲ್ಲಿದ್ದದ್ದು 30-06. ಹೇಳಲಿಲ್ಲ. ಈ ಮನೆಯಲ್ಲಿ ಯಾರೂ ಆ ಅಳತೆಯ ಹೆಸರೆತ್ತುವುದಿಲ್ಲ.

ಮೇ 24

ಆಸ್‌ಗುಡ್‌ನ ಅಂಗಡಿ. ಕಾಫಿ ಕುಡಿಯುತ್ತ ಕೂತವರಿಗೆಲ್ಲ ನಮ್ಮ ಕೋವಿಯದೇ ಚಿಂತೆ. ಒಬ್ಬನದು ಸೆವೆನ್ ಎಂ.ಎಂ. — ಗುಂಡು ಗೆರೆ ಎಳೆದಂತೆ ಹೋಗುತ್ತದಂತೆ. ಇನ್ನೊಬ್ಬನದು 300. ಮೂಲೆಯವನಿಗೆ 375ಕ್ಕಿಂತ ಚಿಕ್ಕದೆಲ್ಲ ಆಟಿಕೆ.

"ಅದರಲ್ಲಿ ನೀನು ಏನೇನು ಹೊಡ್ದಿದೀಯ?" ಆಸ್‌ಗುಡ್ ಕೇಳಿದ.

"ಒಂದು ಮೂಸ್."

"ಅದನ್ನೂ ಹೊಡೆದಿದ್ದು ನಿನ್ನ ಹೆಂಡ್ತಿ ಅಂತ ಕೇಳಿದ್ದೆ."

ಎಲ್ಲರೂ ನಕ್ಕರು. ಆಸ್‌ಗುಡ್ ನನ್ನ ಕಡೆ ಬಾಗಿದ. "ಸಿಗ್ನಿ, ನನ್ನ ಕೇಳಿದ್ರೆ 30-06. ಹಗುರದ ಗುಂಡು ಹಾಕಿದ್ರೆ ಕುರಿಗಾಯ್ತು, ಭಾರದ್ದು ಹಾಕಿದ್ರೆ ಮೂಸ್‌ಗಾಯ್ತು. ತೋಟಾ ಯಾವ ಹಳ್ಳಿಯಲ್ಲಾದ್ರೂ ಸಿಗತ್ತೆ. ಒದೆತ ಕಡಿಮೆ, ನಿನ್ನ ಭುಜಕ್ಕೂ ಒಳ್ಳೇದು." ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಲಭುಜದ ಎಲುಬು ಮುರಿದುಕೊಂಡದ್ದು ಊರಿಗೇ ಗೊತ್ತು.

ವೆಂಡೆಲ್‌ಗೆ ಕೇಳಿಸಿತು. "338," ಅಂದ. ಅಷ್ಟೇ. 30-06ಕ್ಕಿಂತ ದೊಡ್ಡ ಗುಂಡು.

ವೆಂಡೆಲ್‌ನ ತಮ್ಮ ಎಮೆಟ್. ನಾಲ್ಕು ವರ್ಷದ ಹಿಂದೆ ಒಬ್ಬನೇ ಮೂಸ್ ಹೊಡೆದು, ಚರ್ಮ ಸುಲಿದು ಹಸಿಗೆ ಮಾಡುತ್ತಿದ್ದಾಗ ಕರಡಿ ಬಂತು. ಕೈಯಲ್ಲಿದ್ದದ್ದು 30-06. ಹೊಡೆದನಂತೆ, ಗುಂಡು ಸಾಲಲಿಲ್ಲವಂತೆ. ಹುಡುಕಿಕೊಂಡು ಹೋಗಿ ಅವನ ಹೆಣ ಕಂಡವನು ವೆಂಡೆಲ್. ಮನೆಯಲ್ಲಿ ಹಾಗೆಂದು ಹೇಳಿದವನೂ ಅವನೇ.

ಜೂನ್ 8

338 ಬಂತು. ಚೆಂದದ ಕೋವಿ, ಸುಳ್ಳು ಹೇಳಬಾರದು. ಜಲ್ಲಿ ಗುಂಡಿಯಲ್ಲಿ ರಟ್ಟಿನ ತಟ್ಟೆ ನೆಟ್ಟು ಹೊಡೆದೆವು. ವೆಂಡೆಲ್‌ನದು ಪರವಾಗಿಲ್ಲ. ನನಗೆ... ಕತ್ತೆ ಒದ್ದ ಹಾಗೆ. ಎರಡನೆಯ ಸಲಕ್ಕೇ ಕಣ್ಣಲ್ಲಿ ನೀರು. ಆಮೇಲೆ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ತಟ್ಟೆ ಹೊಸದರಂತೆ ನಿಂತಿತ್ತು.

"ಅಭ್ಯಾಸ ಆಗತ್ತೆ," ಅಂದ.

ಭುಜಕ್ಕೆ ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಭ್ಯಾಸವಾಗುವುದಿಲ್ಲ.

ಆಗಸ್ಟ್ 13

ಕ್ಯಾರಿಬೂ ಜಿಂಕೆಗಳ ಬಯಲಿನಲ್ಲಿ ಶಿಬಿರ. ಸರದಿ ನನ್ನದು. ಅಡ್ಡ ನಿಂತಿತ್ತು, ಮೇಯುತ್ತಿತ್ತು, ಇಷ್ಟು ಸುಲಭದ ಗುರಿ ಸಿಗುವುದೇ ಅಪರೂಪ. ಒದೆತಕ್ಕೆ ಹೆದರಿ ಕೋವಿ ಅಲುಗಿಸಿದೆ. ಗುಂಡು ಹೊಟ್ಟೆಗೆ ಬಿತ್ತು.

ಹಗಲೆಲ್ಲ ರಕ್ತದ ಜಾಡು ಹಿಡಿದು ನಡೆದೆವು. ಕುರುಚಲು ಪೊದೆ, ಕೆಸರು, ಮತ್ತೆ ಪೊದೆ. ಕೊನೆಗೆ ಹಳ್ಳದ ಪಕ್ಕ ಮಲಗಿತ್ತು, ತಲೆ ಎತ್ತಿಕೊಂಡೇ. ನಮ್ಮನ್ನು ನೋಡಿತು, ಏಳಲಾಗಲಿಲ್ಲ. ವೆಂಡೆಲ್ ಮುಗಿಸಿದ.

ಎಷ್ಟು ದೊಡ್ಡ ಗುಂಡಾದರೇನು, ಬೀಳಬೇಕಾದಲ್ಲಿ ಬೀಳದಿದ್ದರೆ.

ಆಗಸ್ಟ್ 14

ಬೆಳಿಗ್ಗೆ ಒಲೆಯ ಮುಂದೆ ಹೇಳಿಯೇ ಬಿಟ್ಟೆ. "ಈ ಕೋವಿ ನಾನು ಇನ್ನು ಮುಟ್ಟಲ್ಲ. ನನಗೆ 30-06 ಬೇಕು. ಎಮೆಟ್‌ಗೆ ಆಗಿದ್ದು ಗೊತ್ತು, ಆದ್ರೂ ಬೇಕು."

ಬೈಯುತ್ತಾನೆ ಅಂದುಕೊಂಡೆ. ಕಾಫಿ ಕಪ್ಪು ಕೆಳಗಿಟ್ಟ.

"ಎಮೆಟ್ ಹೊಡೀಲೇ ಇಲ್ಲ."

ಒಲೆಗೆ ಸೌದೆ ಹಾಕುತ್ತಿದ್ದವಳು ಅವನ ಕಡೆ ತಿರುಗಿದೆ.

"ಕೋವಿ ಮರಕ್ಕೆ ಒರಗಿಸಿತ್ತು. ಸೇಫ್ಟಿ ಕೀಲಿ ಹಾಕಿದ ಹಾಗೇ ಇತ್ತು. ತೋಟಾ ಎಲ್ಲಾ ಒಳಗೇ ಇದ್ವು. ಬಗ್ಗಿ ಹಸಿಗೆ ಮಾಡ್ತಿದ್ದ ಅನ್ಸತ್ತೆ, ಹಿಂದಿನಿಂದ ಬಂದಿದೆ. ಕೋವಿ ಕೈಗೆ ಎಟಕೋ ದೂರದಲ್ಲಿ ಇರಲಿಲ್ಲ, ಸಿಗ್ನಿ."

ಪೊಲೀಸರಿಗೆ ಇದ್ದದ್ದು ಇದ್ದ ಹಾಗೇ ಹೇಳಿದ್ದನಂತೆ. ಅವನ ಅಮ್ಮ ಕೇಳಿದ್ದು ಒಂದೇ ಮಾತು, ನನ್ನ ಮಗ ಕೈಲಾದ್ದು ಮಾಡಿದನಾ ಎಂದು. "ಹೂಂ, ಹೊಡೆದ, ಗುಂಡು ಸಾಲಲಿಲ್ಲ ಅಂದ್ಬಿಟ್ಟೆ. ಏನೂ ಮಾಡೋಕಾಗದೆ ಹೋದ ಅಂತ ಹೆತ್ತವಳಿಗೆ ಹೇಗೆ ಹೇಳ್ಲಿ? ಹೇಳ್ತಾ ಹೇಳ್ತಾ ನಾನೇ ನಂಬಿದೆ. ದೊಡ್ಡ ಕೋವಿ ಇದ್ರೆ ಆಯ್ತು ಅಂತ."

ಅವನ ಪಕ್ಕಕ್ಕೆ ಸರಿದು ಕೂತೆ. ಕಾಫಿ ಆರಿಹೋಯಿತು.

ಆಗಸ್ಟ್ 21

ಆಸ್‌ಗುಡ್ 338 ವಾಪಸು ಪಡೆದು ಹಳೆಯದೊಂದು 30-06 ಕೊಟ್ಟ. ಕಟ್ಟಿಗೆಯ ಹಿಡಿ ಸವೆದಿದೆ, ನಳಿಗೆ ಚೊಕ್ಕವಾಗಿದೆ. ಹಾಸ್ಯ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ. ಜಲ್ಲಿ ಗುಂಡಿಗೇ ಹೋದೆವು. ಇದೂ ಒದೆಯುತ್ತದೆ, ಆದರೆ ಕಣ್ಣು ತೆರೆದೇ ಇರುತ್ತದೆ. ತಟ್ಟೆ ಜರಡಿಯಾಯಿತು.

ಸಂಜೆ ಅತ್ತೆ ಲೋರ್ನಾ ಬಂದರು. ರಸ್ತೆಯಾಚೆಯೇ ಅವರ ಮನೆ. ಗೋಡೆಗೆ ಒರಗಿಸಿದ್ದನ್ನು ನೋಡಿದರು.

"ಯಾವ ಅಳತೆ?"

ವೆಂಡೆಲ್ ಹೇಳಿದ.

ಅವರು ಕೂರಲೇ ಇಲ್ಲ. "ಎಮೆಟ್‌ಗೆ ಹದಿನೆಂಟಾದಾಗ ನಾನೇ ಕೊಡ್ಸಿದ್ದು ಇದೇ ಅಳತೆಯದು. ಅವನು ದೊಡ್ಡದು ಕೇಳಿದ್ದ. ಇಷ್ಟು ಸಾಕು ಕಣೋ ಅಂದೆ. ನಾನೇ ಅಂದೆ."

"ಅಮ್ಮಾ, ಅದು ಹಾಗಲ್ಲ..."

"ಮತ್ತೆ ಹೇಗೆ?"

ವೆಂಡೆಲ್ ಕೋವಿ ಎತ್ತಿ ಒಳಕೋಣೆಗೆ ಒಯ್ದ. ಅತ್ತೆ ಊಟ ಮಾಡದೆ ಹೋದರು. ನಾಲ್ಕು ವರ್ಷದಿಂದ ಆ ಹೆಂಗಸು ಇದನ್ನು ಹೊತ್ತಿದ್ದಾರೆ. ನಮಗೆ ಗೊತ್ತೇ ಇರಲಿಲ್ಲ. ಅವರ ದುಃಖ ಕಡಿಮೆಯಾಗಲಿ ಎಂದು ಹೇಳಿದ ಸುಳ್ಳು.

ಸೆಪ್ಟೆಂಬರ್ 9

ನದಿಯ ಮೇಲ್ಭಾಗ. ಬರ್ಚ್ ಎಲೆ ಎಲ್ಲ ಹಳದಿ. ಬೆಳಿಗ್ಗೆ ಮೂಸ್ ಹೊಡೆದೆ. ಭಾರದ ಗುಂಡು, ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ನಾಲ್ಕು ಹೆಜ್ಜೆ ನಡೆದು, ಯೋಚನೆ ಮಾಡಿದಂತೆ ನಿಂತು, ಬಿತ್ತು.

ಕೋವಿ ಕಾಯುವವನು ವೆಂಡೆಲ್, ಹಸಿಗೆ ನನ್ನದು ಎಂದು ಮೊದಲೇ ಮಾತಾಗಿತ್ತು. ಅಲ್ಲಿಗೆ ಹೋದ ಮೇಲೆ ಅವನು ಸೇಫ್ಟಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ. ನೋಡಿದೆ, ನೋಡದಂತಿದ್ದೆ. ಅವನೇ ಕೋವಿ ನನಗೆ ಕೊಟ್ಟ.

"ನೀನು ನಿಲ್ಲು. ನಾನು ಮಾಡ್ತೀನಿ."

ಪೊದೆಗಳಿಗೆ ಬೆನ್ನು ಮಾಡಿ ಮಂಡಿಯೂರಿದ. ಎಮೆಟ್ ಹಾಗೇ ಕೂತಿದ್ದನೇನೋ.

ಹಿಂದಿನ ತೊಡೆ ಬಿಡಿಸುವ ಹೊತ್ತಿಗೆ ಕರಡಿ ಬಂತು. ಕಂದು, ದೊಡ್ಡದು, ಪೊದೆಯ ಅಂಚಿನಲ್ಲಿ ಮೂಗೆತ್ತಿ. ಕೋವಿ ಭುಜಕ್ಕೇರಿಸಿದೆ. ಸೇಫ್ಟಿ ತೆಗೆದೆ.

"ವೆಂಡೆಲ್. ಬಂದಿದೆ."

ತಿರುಗಲಿಲ್ಲ. "ಎಷ್ಟು ದೂರ?"

"ಮನೆಯಿಂದ ಅಮ್ಮನ ಮನೆಯಷ್ಟು."

"ಹತ್ರ ಬಂದ್ರೆ ಹೇಳು." ಚಾಕು ನಿಲ್ಲಲಿಲ್ಲ.

ಜೋರಾಗಿ ಮಾತಾಡಿದೆ ಕರಡಿಯ ಜೊತೆ. ಏನು ಹೇಳಿದೆನೋ. ಹೋಗು ಮಾರಾಯ, ಕರುಳೆಲ್ಲ ನಿನಗೇ ಬಿಟ್ಟು ಹೋಗ್ತೀವಿ, ಹೀಗೇ ಏನೋ. ಅದರ ಎದೆ ಗುರಿಯ ನಡುವೆ ಇತ್ತು. ನನ್ನ ಕಣ್ಣು ಮುಚ್ಚಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಹೊಡೆಯುತ್ತಿದ್ದೆ. ಇಡಲಿಲ್ಲ. ಉಸಿರು ಬಿಟ್ಟು, ಪಕ್ಕಕ್ಕೆ ತಿರುಗಿ, ಪೊದೆಯೊಳಗೆ ಹೋಯಿತು.

ಹೋಯಿತು ಅಂದಾಗ ವೆಂಡೆಲ್ ಚಾಕು ಕೆಳಗಿಟ್ಟು, ಹಣೆಯನ್ನು ಮೂಸ್‌ನ ಪಕ್ಕೆಗೆ ಒತ್ತಿಕೊಂಡ. ಆಮೇಲೆ ಇನ್ನೊಂದು ತೊಡೆಗೆ ಕೈ ಹಾಕಿದ. ಮಾಂಸವೆಲ್ಲ ದೋಣಿ ಸೇರುವವರೆಗೂ ನಾನು ಕೋವಿ ಇಳಿಸಲಿಲ್ಲ.

ಸೆಪ್ಟೆಂಬರ್ 14, ಮಧ್ಯಾಹ್ನ

ಮಾಂಸ ಶೆಡ್ಡಿನಲ್ಲಿ ತೂಗುತ್ತಿದೆ. ಭುಜ ನೀಲಿಗಟ್ಟಿಲ್ಲ.

ವೆಂಡೆಲ್ ಮೂಸ್‌ನ ಈಲಿ ಮಾಂಸ ಪೊಟ್ಟಣ ಕಟ್ಟಿಕೊಂಡು ಅಮ್ಮನ ಮನೆಗೆ ಹೋಗಿದ್ದಾನೆ. ನಾನೂ ಬರಲಾ ಅಂದೆ. "ಬೇಡ. ಇದು ನಾನೇ ಹೇಳ್ಬೇಕು."

ಕಿಟಕಿಯಿಂದ ಕಾಣುತ್ತದೆ. ಇಬ್ಬರೂ ಮೆಟ್ಟಿಲ ಮೇಲೆ. ಅವನು ಮಾತಾಡುತ್ತಿದ್ದಾನೆ. ಕೈಯಲ್ಲಿ ತೋರಿಸುತ್ತಿದ್ದಾನೆ — ಇಲ್ಲಿ ಮರ, ಇಲ್ಲಿ ಕೋವಿ, ಇಲ್ಲಿ ಅವನು.

ಅತ್ತೆ ಎದ್ದರು. ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ವೆಂಡೆಲ್ ಕೂತೇ ಇದ್ದಾನೆ, ಈಲಿಯ ಪೊಟ್ಟಣ ತೊಡೆಯ ಮೇಲೆ. ಹೋಗಲೇ, ಬೇಡವೇ... ಬೇಡ.

ಇನ್ನೂ ಕೂತಿದ್ದಾನೆ.

ಬಾಗಿಲು ತೆರೆಯಿತು. ಅತ್ತೆಯ ಕೈಯಲ್ಲಿ ಕಪ್ಪುಗಳು. ಎರಡು — ಅಲ್ಲ, ಮೂರು. ಈ ಕಡೆ ನೋಡುತ್ತಿದ್ದಾರೆ. ನನ್ನನ್ನು ಕರೆಯುತ್ತಿದ್ದಾರೆ. ಹೊರಟೆ.