ಪರಸ್ಥಳದ ಪಾಲುದಾರ

ಚನ್ನಪಟ್ಟಣ,
೧೪ನೇ ಜೂನ್ ೧೯೨೮

ಪ್ರೀತಿಯ ಅಣ್ಣನವರಿಗೆ, ತಮ್ಮ ರಾಮಲಿಂಗಯ್ಯನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವುದು ಪತ್ರದ ಪದ್ಧತಿ, ಆದ್ದರಿಂದ ಕೇಳಿದ್ದೇನೆ. ಫಾಲ್ಗುಣದಲ್ಲಿ ಜ್ವರ ಬಂದು ನೀವು ತೀರಿಕೊಂಡಿರೆಂದು ರಂಗೂನಿನಲ್ಲಿ ನಿಮಗೆ ಕೋಣೆ ಕೊಟ್ಟಿದ್ದವರು ಬರೆದ ಕಾಗದ ನನ್ನ ಪೆಟ್ಟಿಗೆಯ ತಳದಲ್ಲಿದೆ. ಅತ್ತಿಗೆಯವರಿಗೆ ಹೇಳಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಎರಡು ತಿಂಗಳು ಕಳೆದವು. ಅವರು ದಿನವೂ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಾರೆ, ನಾನು ಬೇರೆ ಕಡೆ ನೋಡುತ್ತೇನೆ.

ಇಲ್ಲದವರಿಗೆ ಕಾಗದ ಬರೆಯುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಇದನ್ನು ಸರ್ಕಾರ ಬರೆಸುತ್ತಿದೆ. ಹೋದ ವಾರ ವರಮಾನ ತೆರಿಗೆಯ ಗುಮಾಸ್ತರಾದ ಮುಕ್ತಿಯಾರ್ ಸಾಹೇಬರು ಪಕ್ಕದ ಕ್ಲೋಸ್‌ಪೇಟೆಯ ಮುಸಾಫರಿ ಬಂಗಲೆಗೆ ಬಂದು ನನ್ನನ್ನು ಕರೆಸಿದ್ದರು. ನಮ್ಮ ಬೊಂಬೆ ಕಾರ್ಖಾನೆಯಲ್ಲಿ ನಿಮ್ಮದು ಎಂಟಾಣೆ ಪಾಲು, ನನ್ನದು ಎಂಟಾಣೆ. ಮೈಸೂರು ಸೀಮೆಯ ಹೊರಗೆ ವಾಸಿಸುವ ಪಾಲುದಾರನ ತೆರಿಗೆಯನ್ನೂ ಇಲ್ಲಿರುವವನೇ ಕಟ್ಟಬೇಕಂತೆ. "ಅಣ್ಣ ಉಂಡ್ರೆ ತಮ್ಮ ಕೈ ತೊಳೀಬೇಕು, ಅಷ್ಟೇ ಸ್ವಾಮಿ" ಎಂದು ಸಾಹೇಬರು ನಕ್ಕರು. ನಗು ನಿಲ್ಲಿಸಿ, "ಇದಾರಲ್ಲ, ಅಣ್ಣಾವ್ರು? ಇಲ್ದಿದ್ರೆ ಹೆಸರು ಹೊಡೆದುಹಾಕಿ, ಅವರ ಹೆಂಡತಿ ಹೇಳಿಕೆ ತಗೋಬೇಕು" ಎಂದು ಕೇಳಿದರು. ನಿಮ್ಮ ಸುದ್ದಿ ಏನಾದರೂ ಸಿಗಬಹುದೆಂದು ನನ್ನೊಡನೆ ಬಂದಿದ್ದ ಅತ್ತಿಗೆ ಬಂಗಲೆಯ ಜಗಲಿಯಲ್ಲೇ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಅವ್ರ ಪಾಲಿಂದೂ ನೀನೇ ಕಟ್ಬುಡು ರಾಮಲಿಂಗಯ್ಯ. ಸರ್ಕಾರ ಸತ್ತೋರ ತಾವ ತೆರಿಗೆ ಇಸ್ಕಂತದಾ?" ಎಂದರು. ವಾಸಸ್ಥಳದ ಮುಂದೆ ನಾನು ರಂಗೂನು ಎಂದು ಬರೆದೆ.

ಎರಡು ರುಜು ಬೇಕಾಯಿತು. ಒಂದು ನನ್ನದು, ಇನ್ನೊಂದು ನಿಮ್ಮ ಪರವಾಗಿ. ಎರಡನೆಯದರಲ್ಲಿ ನನ್ನ ಕೈ ತಾನಾಗಿಯೇ ಬಸವಯ್ಯ ಎಂದು ನಿಮ್ಮ ಹೆಸರನ್ನೇ ಬರೆದು, ನೀವು ಎಳೆಯುತ್ತಿದ್ದ ಹಾಗೆಯೇ ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯಿತು. ಸಾಹೇಬರು ಹಸಿ ಮಸಿಯ ಮೇಲೆ ಒತ್ತುಕಾಗದವಿಟ್ಟು ಒತ್ತಿ, "ಕಾನೂನಿಗೆ ಇನ್ಮೇಲೆ ನೀವೇ ಅವರು" ಎಂದರು. ಅಂದಿನಿಂದ ಬೊಂಬೆ ಕಡೆಯುವ ಚರಕಿಯ ಮುಂದೆ ಕುಳಿತಾಗ ಆಳುಗಳು ಕೂಗಿದರೆ ತಡವಾಗಿ ಓಗೊಡುತ್ತೇನೆ. ಮೊದಲು ಬೇರೆ ಯಾರೋ ಓಗೊಡಬೇಕಾಗಿದೆ ಎನ್ನಿಸುತ್ತದೆ.

ತೆರಿಗೆಯ ವಿಷಯವನ್ನು ನಿಮಗೆ ತಿಳಿಸಿದ್ದಕ್ಕೆ ರಿಜಿಸ್ಟರ್ ಟಪಾಲಿನ ರಸೀದಿ ತೋರಿಸಬೇಕಂತೆ. ಆದ್ದರಿಂದ ತಿಳಿಸುವುದೇನೆಂದರೆ, ನಿಮ್ಮ ಪಾಲಿನ ತೆರಿಗೆಯನ್ನು ಈ ತಿಂಗಳೊಳಗೆ ನಾನು ಕಟ್ಟುತ್ತಿದ್ದೇನೆ. ಆಕ್ಷೇಪಣೆ ಇದ್ದರೆ ತಿಳಿಸಬೇಕು. ಹೇಗಾದರೂ ಸರಿ, ತಿಳಿಸಬೇಕು.

ನಿಮ್ಮ ಆಶೀರ್ವಾದ ಎಲ್ಲಿಂದಲಾದರೂ ಇರಲಿ.

ಇಂತಿ ನಿಮ್ಮ ತಮ್ಮ,
ರಾಮಲಿಂಗಯ್ಯ

ಮರೆತ ಮಾತು: ಲಕೋಟೆಯ ಮೇಲೆ ವಿಳಾಸ ಬರೆಯಲು ಕುಳಿತಾಗ ಅತ್ತಿಗೆ ಹಿಂದೆ ಬಂದು ನಿಂತರು. ನನ್ನ ಲೇಖನಿ ತಡೆದದ್ದನ್ನು ನೋಡಿ, "ಅವ್ರ ಮಸಾಣ ಯಾವ ಕಡೀಕೈತೋ ನಮಗೇನ್ ಗೊತ್ತು. ಮೊದ್ಲಿನ ಮನೆ ನಂಬರೇ ಹಾಕು" ಎಂದರು. ಹಾಕಿದ್ದೇನೆ.