ಮಾಡಿದವನ ಹೆಸರಿಲ್ಲದ ಕಾರ್ಡುಗಳು

೧೯೯೧ ಜೂನ್ ೪, ಮಂಗಳವಾರ
ಇವತ್ತು ಹದಿನಾಲ್ಕು ಕಾರ್ಡು. ಯೂನಿವರ್ಸಿಟಿಯವರ ನಿಘಂಟಿನ ಪಟ್ಟಿಯಲ್ಲಿ ಇನ್ನೂ ಇನ್ನೂರು ಕ್ರಿಯಾಪದ ಬಾಕಿ. ಒಂದೊಂದಕ್ಕೂ ಅದರ ಬಾಲಗಳು: ಮಾಡಿಸುವುದು, ಇನ್ನೊಬ್ಬರಿಗಾಗಿ ಮಾಡುವುದು, ಕಡೆಗೆ ಕರ್ಮಣಿ. ಜೊತೆಗೊಂದು ವಾಕ್ಯ. ಟೇಪ್ ಮುಂದೆ ಕೂತು ಹೇಳುವವರು ನನ್ನ ಅತ್ತೆ, ಮಾಜೋಲ, ಅಂದರೆ ಜೋಲ ಕುಲದ ಮಗಳು. ನಮ್ಮ ಲುಸಿಕಿಸಿಕಿ ಊರಿನ ಸುತ್ತ ಇಷ್ಟು ಹಳೆಯ ಕೋಸಾ ಭಾಷೆ ಆಡುವವರು ಈಗ ಕಡಿಮೆ.
"ಸ್ಕೂಲಲ್ಲಿ ಪಾಠ ಹೇಳೋ ಸೊಸೆಗೆ ನಾನು ಮಾತು ಕಲಿಸ್ಬೇಕಾಯ್ತಲ್ಲ, ಗ್ರಹಚಾರ," ಅಂದರು. ನಕ್ಕೆವು.
ಬೆಥಾ ಅಂದರೆ ಹೊಡೆ. ಕರ್ಮಣಿ, ಬೆಥ್ವಾ. ಅತ್ತೆಯ ವಾಕ್ಯ: ಹುಡುಗಿಯನ್ನು ಹೊಡೆಯಲಾಯಿತು.

ಜೂನ್ ೬
ಕಟ್ಟು, ಎಳೆ, ಮುಚ್ಚು. ಮಿಕ್ಕ ರೂಪಗಳಿಗೆಲ್ಲ ಹಸು, ಕುಂಬಳಕಾಯಿ, ಪಕ್ಕದ ಮನೆಯವಳ ಸೋಮಾರಿತನ. ಕರ್ಮಣಿ ಬಂದ ಕೂಡಲೇ ಮತ್ತೆ ಅದೇ ಹುಡುಗಿ. ಕಟ್ಟಲಾಯಿತು. ಎಳೆದೊಯ್ಯಲಾಯಿತು. ಹಗೇವಿನ ಬಾಯಿ ಮುಚ್ಚಲಾಯಿತು.
"ಯಾವ ಹುಡುಗಿ, ಅತ್ತೆ?"
"ಅದು ನಿನ್ನ ಪಟ್ಟೀಲಿದ್ಯಾ?"
"ಇಲ್ಲ."
"ಹಾಗಾದ್ರೆ ಮುಂದಿಂದು ಕೇಳು."
ಸಂಜೆ ಕಾರ್ಡುಗಳನ್ನು ಸಾಲಾಗಿ ಜೋಡಿಸಿದೆ. ಜೋಡಿಸಬಾರದಿತ್ತು.

ಜೂನ್ ೭, ಮಧ್ಯಾಹ್ನ
ನಮ್ಮ ದನದ ದೊಡ್ಡಿಯಲ್ಲಿ ಹಳೆಯ ಹಗೇವುಗಳಿವೆ, ಹಿಂದೆ ಜೋಳ ತುಂಬಿಡುತ್ತಿದ್ದದ್ದು. ಬಡಗಣ ಮೂಲೆಯಲ್ಲಿ ಹಸುಗಳು ಮಲಗುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನೋಡಿದ್ದೇನೆ, ಕಲ್ಲು ಒತ್ತುತ್ತದೆ ಎಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದವಳಲ್ಲ. ಈ ಮನೆಯ ಸೊಸೆಯರು ದೊಡ್ಡಿಗೆ ಕಾಲಿಡುವಂತಿಲ್ಲ.
ಇವತ್ತು ಆ ಕಡೆ ನೋಡಲು ಭಯವಾಯಿತು.

ಜೂನ್ ೧೧
ಟೇಪ್ ಆಫ್ ಮಾಡಿಸಿ ಅತ್ತೆಯೇ ಬಾಯಿಬಿಟ್ಟರು. ನೊಂತೋಂಬಿ, ಅವರ ತಂಗಿ. ಮದುವಣಗಿತ್ತಿ ಅಕ್ಕನ ಜೊತೆಗೆಂದು ಬಂದು ಉಳಿದಿದ್ದವಳು, ಹನ್ನೆರಡು ವರ್ಷದ ಹುಡುಗಿ. ಹಿರಿಯರು ರುಚಿ ನೋಡುವ ಮೊದಲೇ ಹೊಸ ಮೆಕ್ಕೆಜೋಳ ತಿಂದಳು. ಅದಕ್ಕೆ ಹೊಡೆತ. ಮತ್ತೆ ಏಳಲಿಲ್ಲ. ಓಡಿಹೋದಳು ಎಂದು ತವರಿಗೆ ಹೇಳಿಕಳಿಸಿದರು.
"ಐವತ್ತೇಳು ವರ್ಷ ಆ ಹಗೇವಲ್ಲೇ ಕೂತವ್ಳೆ. ಸತ್ತೋರ ಜೀವಾನ ಮನೇಗೆ ಕರ್ಯೋ ಎಲಚಿ ಕೊಂಬೆ ಹಿಡ್ದು, ಬಾರವ್ವ ಮನೇಗೆ ಅಂತ ಯಾರೂ ಕರೀಲಿಲ್ಲ."
"ಹೊಡೆದೋರು ಯಾರು?"
ಶಾಲನ್ನು ಹಣೆಯವರೆಗೆ ಎಳೆದುಕೊಂಡರು. ಒಬ್ಬರ ಮಾತು ಬಂದಾಗ ಮಾತ್ರ ಹಾಗೆ ಮಾಡುತ್ತಾರೆ. ಅವರ ಮಾವ, ನನ್ನ ಗಂಡನ ಅಜ್ಜ. ಸೊಸೆಯಾದವಳು ಸಾಯುವ ತನಕ ಆ ಹೆಸರು ಆಡುವುದಿಲ್ಲ. ಅದರ ಸದ್ದು ಇರುವ ಬೇರೆ ಮಾತನ್ನೂ ಆಡುವುದಿಲ್ಲ. ನನಗೂ ಅದೇ ಕಟ್ಟು.

ಜುಲೈ ೨
ಅತ್ತೆಯನ್ನು ಮಣ್ಣು ಮಾಡಿ ಒಂಬತ್ತು ದಿನ. ಬರೆಯಲು ಆಗಿರಲಿಲ್ಲ.
ಅವರ ಅಣ್ಣನ ಮಗ ತವರಿನಿಂದ ಬಂದಿದ್ದ. ಹೇಳಿದೆ. ಹೋಗಿ ಎಲಚಿ ಕೊಂಬೆ ಕಡಿದು ತಂದ. ದೊಡ್ಡಿಯ ಬಾಗಿಲಲ್ಲಿ ಭಾವ, ನನ್ನ ಗಂಡನ ಅಣ್ಣ, ಅಡ್ಡ ನಿಂತರು.
"ಕೊಂದಿದ್ದು ಯಾರು ಅಂತ ಹೆಸರು ಹೇಳಮ್ಮ. ಈಗಲೇ ಅಗೀತೀನಿ."
ನಾನು ಹೇಳಲಾರೆ ಎಂದು ಗೊತ್ತಿದ್ದೇ ಕೇಳಿದರು. "ಕೊಲ್ಲಲಾಯಿತು," ಅಂದೆ.
"ಕೊಲ್ಲಲಾಯಿತಂತೆ! ಯಾರು, ಗಾಳಿನಾ?"
ಗಂಡಸರು ನಕ್ಕರು. ನನ್ನ ಗಂಡನೂ. ಅತ್ತೆಯ ಅಣ್ಣನ ಮಗ ಕೊಂಬೆಯನ್ನು ನಮ್ಮ ಅಡುಗೆಮನೆ ಸೂರಿಗೆ ಸಿಕ್ಕಿಸಿ ಊರಿಗೆ ಹೊರಟುಹೋದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಜುಲೈ ೯
ಟೇಪ್ ಮತ್ತೆ ಹಾಕಿದೆ. ಪ್ರತಿ ಕರ್ಮಣಿ ವಾಕ್ಯದ ಕೊನೆಗೆ ಅತ್ತೆ ಉಸಿರೆಳೆದುಕೊಳ್ಳುತ್ತಾರೆ. ಇನ್ನೊಂದು ಮಾತು ಹೇಳುವವರ ಹಾಗೆ. ಹೇಳುವುದಿಲ್ಲ.
ಟೇಪ್ ನಿಲ್ಲಿಸಿ ಒಲೆ ಹಚ್ಚಿದೆ. ಆ ಉಸಿರು ಕೇಳಿಸಿತು… ದೊಡ್ಡಿಯ ಕಡೆಯಿಂದ. ಹಸು ಇರಬೇಕು. ಹಸುಗಳೆಲ್ಲ ಮೇಯಲು ಹೋಗಿದ್ದವು.

ಜುಲೈ ೧೦, ಬೆಳಿಗ್ಗೆ ಹನ್ನೊಂದು
ದೊಡ್ಡಿಗೆ ಕಾಲಿಟ್ಟೆ. "ಏಯ್, ಎಲ್ಲಿಗ್ ಹೋಗ್ತಿದೀಯ," ಭಾವ ಕೂಗಿದರು. ಬಡಗಣ ಮೂಲೆಗೆ ನಡೆದೆ. ತಲೆಯ ಬಟ್ಟೆ ತೆಗೆದೆ. ಅವನ ಹೆಸರು ಹೇಳಿದೆ. ಎರಡು ಸಲ, ಗಟ್ಟಿಯಾಗಿ.
ಯಾರೂ ನಗಲಿಲ್ಲ. ಭಾವ ಹೋಗಿ ಗುದ್ದಲಿ ತಂದರು.
ಅಗೆಯುತ್ತಿದ್ದಾರೆ. ಅತ್ತೆಯ ತವರಿಗೆ, ಜೋಲರ ಮನೆಗೆ ಹೇಳಿಕಳಿಸಿದ್ದೇನೆ. ಮೊದಲ ಕಾರ್ಡು ತೆಗೆದಿಟ್ಟುಕೊಂಡು ಕೂತಿದ್ದೇನೆ. ಹುಡುಗಿಯನ್ನು ಹೊಡೆಯಲಾಯಿತು. ಮುಂದೆ ಅರ್ಧ ಸಾಲು ಖಾಲಿ ಇದೆ. ಬಾಯಿ ಹೇಳಿತು, ಕೈ ಇನ್ನೂ ಬರೆದಿಲ್ಲ.
ಗುದ್ದಲಿ ಸದ್ದು ನಿಂತಿತು.
ಭಾವ ಕರೆಯುತ್ತಿದ್ದಾರೆ. ಮೆಲ್ಲಗೆ. "ಆ ಕೊಂಬೆ ತಗೊಂಡ್ ಬಾಮ್ಮ."
ಹೆಸರು ಬರೆದೇ ಏಳುತ್ತೇನೆ. ಹೊಡೆದವನು