ಎರಡನೇ ಭಾಗ ಹೇಗಿದೆ ಅಂತ ಕೇಳಿದೆಯಲ್ಲ

ಮನೆಯಿಂದ,
ನವೆಂಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಾ ಕಂದಾ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ಮೂಗು ಕಟ್ಟಿಕೊಂಡಿತ್ತು, ಈಗ ಸರಿಹೋಯಿತೇ? ಬಿಸಿನೀರು ಕುಡಿ ಎಂದರೆ ಅಮ್ಮನ ಮುಂದೆ ಒಂದು ಗುಟುಕು ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿಯುವವಳು ನೀನು, ನನಗೆ ಗೊತ್ತಿಲ್ಲವೇ. ಅಮ್ಮನ ಸೊಂಟನೋವು ಹೇಗಿದೆ? ದಿನವಿಡೀ ಕೌಂಟರಿನ ಹಿಂದೆ ನಿಂತೇ ಇರಬೇಡ, ಆಗಾಗ ಕೂತುಕೋ ಅಂತ ನಾನು ಹೇಳಿದೆನೆಂದು ಹೇಳು. ನನ್ನ ಮಗನಿಗೂ ಅವಳಿಗೂ ಹೊಂದಿಕೆಯಾಗದೆ ಬೇರೆಯಾದರು, ಆಯಿತು. ನನಗೂ ಅವಳಿಗೂ ಯಾವ ಜಗಳವೂ ಇಲ್ಲ. ನಾನು ಚೆನ್ನಾಗಿಯೇ ಇದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ನಿನ್ನ ಅಪ್ಪ ಇರುವ ಕಟ್ಟಡದ ಲಿಫ್ಟೇ ಕೆಟ್ಟು ಕೂತಿದೆ. ಕೇಳಿದರೆ, 'ಅದು ಬೇರೆ ಕಂಪನಿದು ಅಮ್ಮ, ನಾನು ಮುಟ್ಟೋ ಹಾಗಿಲ್ಲ' ಅನ್ನುತ್ತಾನೆ. ಇಂಥ ಮಗನನ್ನು ಹೆತ್ತ ತಪ್ಪಿಗೆ ತರಕಾರಿ ಚೀಲ ಹಿಡಿದು ಮೇಲೆ ಕೆಳಗೆ ಹತ್ತಿ ಇಳಿಯುತ್ತಿದ್ದೇನೆ.

ಈಗ ನಮ್ಮ ವಿಡಿಯೋ ಗೇಮಿನ ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. 'ಎರಡನೇ ಭಾಗ ಚೆನ್ನಾಗಿದ್ರೆ ದೊಡ್ಡ ರಜಕ್ಕೆ ಅಲ್ಲಿಗೇ ಬರ್ತೀನಿ ಅಜ್ಜಿ, ಇಬ್ರೂ ಆಡಿ ಮುಗಿಸೋಣ. ಚೆನ್ನಾಗಿಲ್ಲ ಅಂದ್ರೆ ಅಮ್ಮ ಸಮುದ್ರದ ಹತ್ರ ಕರ್ಕೊಂಡು ಹೋಗ್ತಾಳಂತೆ. ಮೊದ್ಲು ನೀನು ಆಡಿ ನೋಡು. ಫ್ಯಾಕ್ಟರಿಲಿ ಬರೀತಿದ್ಯಲ್ಲ, ಹಾಗೆ ರಿಪೋರ್ಟ್ ಬರ್ದು ಕಳ್ಸು. ಸುಳ್ಳು ಹೇಳ್ಬಾರ್ದು.' ಎಂಥ ಕಿಲಾಡಿ ನೀನು! ಕಾಲುಚೀಲದ ಫ್ಯಾಕ್ಟರಿಯಲ್ಲಿ ಗಾಜಿನ ಕಾಲಿಗೆ ಒಂದೊಂದೇ ಚೀಲ ತೊಡಿಸಿ, ಒಳಗಿನ ದೀಪದ ಬೆಳಕಿನಲ್ಲಿ ಎಳೆ ಜಾರಿದೆಯಾ ಎಂದು ನೋಡಿ ನೋಡಿಯೇ ನನ್ನ ಕಣ್ಣು ಸವೆದದ್ದು. ಜಾರಿದ್ದನ್ನು ಜಾರಿಲ್ಲ ಎಂದು ಪಾಸು ಮಾಡಲು ನನ್ನ ಕೈಯಿಂದ ಆಗುವುದಿಲ್ಲವೆಂದು ಗೊತ್ತಿದ್ದೂ ನನ್ನ ತಲೆಗೇ ಕಟ್ಟಿದೆ. ಚೆನ್ನಾಗಿರಲಿ, ಚೆನ್ನಾಗಿರಲಿ ಎಂದು ಬೇಡಿಕೊಳ್ಳುತ್ತಲೇ ಆಟ ಶುರು ಮಾಡಿದೆ. ಈಗ ತಲೆ ಚಿಟ್ಟುಹಿಡಿದು ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಎಷ್ಟು ಚೆನ್ನಾಗಿತ್ತು ಕಣೇ! ಗ್ರೀಕರ ಪಾತಾಳ, ಸತ್ತವರನ್ನು ನದಿ ದಾಟಿಸುವ ಮುದಿ ಅಂಬಿಗ. ಅವನನ್ನು ದೇವತೆಗಳು ಹಿಡಿದು ಕಟ್ಟಿಹಾಕಿದ್ದಾರೆ, ಬಿಡಿಸಲು ಮಗಳು ಹೊರಟಿದ್ದಾಳೆ. ಕೈಯಲ್ಲಿ ಕತ್ತಿ ಇಲ್ಲ, ಗುರಾಣಿ ಇಲ್ಲ, ಅಪ್ಪನ ದೋಣಿಯ ಹುಟ್ಟು ಒಂದೇ. ಅಷ್ಟೇ ಕಥೆ. ನಮ್ಮ ಹತ್ತಿರ ಇದ್ದದ್ದೂ ಒಂದೇ ಕಂಟ್ರೋಲರ್. ಅದರ ಎಡಭಾಗ ನನ್ನ ಕೈಯಲ್ಲಿ, ಬಲಭಾಗ ನಿನ್ನ ಕೈಯಲ್ಲಿ. ನಡೆಸುವವಳು ನಾನು, ಹೊಡೆಯುವವಳು ನೀನು. ಮೊಣಕೈಗೆ ಮೊಣಕೈ ತಾಗಿಸಿಕೊಂಡು, ನಾನು ಓಡಿಸಿದರೆ ನೀನೂ ಸೋಫಾದ ಮೇಲೆ ವಾಲುತ್ತಿದ್ದೆ. 'ಹಿಂದೆ ಅಜ್ಜಿ, ಹಿಂದೆ!' ಎಂದು ನೀನು, 'ಹೊಡಿಯೇ ಹುಡುಗಿ, ಏನು ನೋಡ್ತಾ ಕೂತಿದ್ದೀಯಾ!' ಎಂದು ನಾನು. ಒಕ್ಕಣ್ಣಿನ ದೈತ್ಯನ ಮೊಣಕಾಲಿಗೆ ನೀನು ಹುಟ್ಟಿನಿಂದ ಬಾರಿಸಿದಾಗ ನನಗೇ ಪೆಟ್ಟು ಬಿದ್ದ ಹಾಗೆ ಅಯ್ಯೋ ಎಂದಿದ್ದೆ. ಇಬ್ಬರು ಸೇರಿ ಒಂದು ಕಂಟ್ರೋಲರ್ ಹಿಡಿಯುವುದನ್ನು ಯಾರೂ ನೋಡಿಲ್ಲವೆಂದು ಮೂಲೆಯ ಆಟದಂಗಡಿಯ ಕನ್ನಡಕದವನು ನಕ್ಕಿದ್ದ. ನಗಲಿ ಬಿಡು, ನಾವು ಮುಗಿಸಿದ್ದು ಹಾಗೆಯೇ.

ಎರಡನೆಯದರಲ್ಲಿ ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ನ್ಯಾಯ ಅಂದರೆ ನ್ಯಾಯ. ನೀರನ್ನು ಬಹಳ ಚೆನ್ನಾಗಿ ಮಾಡಿದ್ದಾರೆ. ನಮ್ಮ ಹುಡುಗಿ ನದಿಯಿಂದ ಎದ್ದು ಬಂದರೆ ಬಂಡೆಯ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ, ನೋಡನೋಡುತ್ತ ಆರುತ್ತದೆ. ಆ ರಾಕ್ಷಸಿ ಮೆಡುಸಾಳ ತಲೆಯ ಹಾವುಗಳು ಒಂದೊಂದೂ ಒಂದೊಂದು ಕಡೆ ನೋಡುತ್ತಿರುತ್ತವೆ, ಹಿಂದಿನದೊಂದು ಆಕಳಿಸುತ್ತದೆ. ಅದನ್ನು ಮಾಡಿದವರ ಹೊಟ್ಟೆ ತಣ್ಣಗಿರಲಿ. ಹೊಗಳಿಕೆ ಅಲ್ಲಿಗೆ ಮುಗಿಯಿತು. ಇನ್ನು ಕೇಳು. ಆ ಹುಟ್ಟು ಇತ್ತಲ್ಲ, ಅದನ್ನು ಶುರುವಿನಲ್ಲೇ ಪಟ್ ಎಂದು ಮುರಿದುಹಾಕುತ್ತಾರೆ! ಯಾರು ಹೇಳಿದ್ದರು ಇವರಿಗೆ? ಅದರ ಬದಲು ಬೆಂಕಿ ಕಾರುವ ಕತ್ತಿ, ಮಂಜು ಕಾರುವ ಕತ್ತಿ, ಮಿಂಚು ಕಾರುವ ಕತ್ತಿ. ಅವುಗಳಿಗೆ ಸಾಣೆ ಹಿಡಿಯಲು ಚಿಪ್ಪು ಬೇಕು, ಮೂಳೆ ಬೇಕು, ತಾಮ್ರದ ಚೂರು ಬೇಕು. ಮತ್ತೆ ಅಪ್ಪನನ್ನು ಹುಡುಕಲು ಹೊರಟ ಹುಡುಗಿ ಪಾತಾಳದ ತುಂಬ ಬಗ್ಗಿ ಬಗ್ಗಿ ಚಿಂದಿ ಆಯುತ್ತಾಳೆ, ನೋಡಲಾರದೆ ನನ್ನ ಸೊಂಟ ಹಿಡಿಯಿತು. ರಾಕ್ಷಸರೋ, ಹೊಡೆದಷ್ಟೂ ಸಾಯುವುದಿಲ್ಲ. ಇವರಿಗೆ ಆಟ ಉದ್ದವಾಗಬೇಕು, ಅದಕ್ಕೆ ಅವರ ಚರ್ಮ ದಪ್ಪ ಮಾಡಿದ್ದಾರೆ.

ದೇವತೆಗಳ ರಾಜ ಜ್ಯೂಸ್ ನೆನಪಿದ್ದಾನಾ? ಮೊದಲನೆಯದರಲ್ಲಿ ಮುಖವನ್ನೇ ತೋರಿಸಿರಲಿಲ್ಲ, ಬರೀ ಗುಡುಗು. ಗುಡುಗು ಕೇಳಿದರೆ ನೀನು ಕಾಲು ಮೇಲೆತ್ತಿ ಮಡಚಿಕೊಳ್ಳುತ್ತಿದ್ದೆ. ಈಗ ಆ ಮಹಾರಾಯ ಹೆಜ್ಜೆಗೊಂದು ಸಲ ಬಂದು ಜೋಕು ಹೊಡೆಯುತ್ತಾನೆ. ಅಥೀನಾ ಬಂದು ಭಾಷಣ ಬಿಗಿಯುತ್ತಾಳೆ, ಪಾತಾಳದ ದೊರೆ ಹೇಡೀಸ್ ಬಂದು ತನ್ನ ಬಾಲ್ಯದ ಗೋಳು ತೋಡಿಕೊಳ್ಳುತ್ತಾನೆ. ದೇವತೆಗಳಿಗೆ ಬೇರೆ ಕೆಲಸವಿಲ್ಲವೇ? ಎಲ್ಲಕ್ಕಿಂತ ನನ್ನ ಮೈ ಉರಿದದ್ದು ಗೂಳಿತಲೆಯ ರಾಕ್ಷಸನ ಆ ಸುತ್ತುದಾರಿಯ ಅರಮನೆಯಲ್ಲಿ. ಹೋದವರು ದಾರಿ ತಪ್ಪಲಿ ಎಂದೇ ಕಟ್ಟಿದ ಅರಮನೆ ಅದು. ಅಲ್ಲಿ ನೆಲದ ಮೇಲೆ ಹಳದಿ ಬಣ್ಣದಲ್ಲಿ ಹೊಳೆಯುವ ಬಾಣದ ಗುರುತು, ಹೀಗೆ ಬನ್ನಿ, ಹಾಗೆ ತಿರುಗಿ ಎಂದು! ದಾರಿ ತಪ್ಪುವುದು ನನ್ನ ಕೆಲಸ ಕಣೇ ಚೂಟಿ. ನಾನು ದಾರಿ ತಪ್ಪಬೇಕು, ನೀನು ನನ್ನನ್ನು ಬೈಯಬೇಕು, ಆಮೇಲೆ ಇಬ್ಬರೂ ಗೂಳಿಯ ಉಸಿರಿನ ಸದ್ದು ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ಅಂಗಡಿಗೆ ಹೋಗಿ ಕನ್ನಡಕದವನನ್ನು ತರಾಟೆಗೆ ತೆಗೆದುಕೊಂಡೆ. 'ಎಲ್ರೂ ಹೊಗಳ್ತಿದಾರೆ ಅಜ್ಜಿ, ಮೊದಲ್ನೇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಇದು' ಅಂದ. ದೊಡ್ಡದಾದರೆ ಒಳ್ಳೆಯದಾಯಿತೇ? ಕಾಲುಚೀಲ ದೊಡ್ಡದಾದರೆ ಕಾಲಿನಿಂದ ಜಾರುತ್ತದೆ ಎಂದು ಹೇಳಿ ಬಂದೆ. ಅವನು ಪಾಪ, ಒಂದು ಲೋಟ ನೀರು ಕೊಟ್ಟು ಕಳಿಸಿದ.

ಇನ್ನು ನನ್ನ ಫಜೀತಿ ಕೇಳು. ಒಬ್ಬಳೇ ಆಡಲು ನನಗೆ ಬರುವುದೇ ಇಲ್ಲ. ಎಡಗೈ ಚೆನ್ನಾಗಿ ನಡೆಸುತ್ತದೆ. ನಮ್ಮ ಹುಡುಗಿಯನ್ನು ಸೀದಾ ರಾಕ್ಷಸನ ಮುಂದೆ ಕರೆದುಕೊಂಡು ಹೋಗಿ, ನೆಂಟರ ಮನೆಯ ಬಾಗಿಲಲ್ಲಿ ನಿಲ್ಲಿಸಿದ ಹಾಗೆ ಮರ್ಯಾದೆಯಿಂದ ನಿಲ್ಲಿಸುತ್ತೇನೆ. ಆಮೇಲೆ ಯಾರಾದರೂ ಹೊಡೆಯಲಿ ಎಂದು ಕಾಯುತ್ತೇನೆ. ಯಾರು ಹೊಡೆಯಬೇಕು? ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಒಂದು ಸಲ 'ಹೊಡಿಯೇ!' ಎಂದು ಪಕ್ಕಕ್ಕೆ ತಿರುಗಿ ಕೂಗಿಯೇಬಿಟ್ಟೆ, ಅಲ್ಲಿ ದಿಂಬು ಬಿಟ್ಟರೆ ಏನೂ ಇಲ್ಲ. ಕೆಳಗಿನ ಮನೆಯವಳು ಮೇಲೆ ಬಂದು ಬಾಗಿಲು ತಟ್ಟಿ, ಯಾರಿಗಾದರೂ ಏಟಾಯಿತೇ ಎಂದು ಕೇಳಿದಳು. ಏನೂ ಇಲ್ಲಮ್ಮ, ಟಿ.ವಿ. ಎಂದು ಕಳಿಸಿದೆ.

ನನ್ನ ಗೊಣಗಾಟ ತಡೆಯಲಾರದೆ ಒಂದು ಸಂಜೆ ನಿನ್ನ ಅಪ್ಪ ಕೈಯ ಗ್ರೀಸು ತೊಳೆದುಕೊಂಡು ಬಂದು, 'ಸರಿ, ನಾನೇ ಬಲಗೈ ಆಗ್ತೀನಿ, ಸರ್ಕೋ' ಎಂದು ಕೂತ. ಅಬ್ಬಬ್ಬಾ! ಲಿಫ್ಟು ಬರಲಿಲ್ಲವೆಂದು ಜನ ಗುಂಡಿ ಕುಟ್ಟುತ್ತಾರಲ್ಲ, ಹಾಗೆ ಕುಟ್ಟಿದ. ರಾಕ್ಷಸ ಬರುವ ಮೊದಲೇ ಗಾಳಿಗೆ ಹೊಡೆದು ಹೊಡೆದು ಸುಸ್ತು, ರಾಕ್ಷಸ ಬಂದಾಗ ಕೈ ಖಾಲಿ. ಚೆನ್ನಾಗಿ ಬೈದೆ. ಅವನು ಅಷ್ಟನ್ನೂ ಬೈಸಿಕೊಂಡು, ಆಮೇಲೆ 'ಅವ್ಳು ಹೇಗೆ ಹೊಡೀತಿದ್ಲು ಅಮ್ಮ?' ಎಂದು ಕೇಳಿದ. ನಾನು ಹೇಳಿಕೊಟ್ಟೆ. ಅವಳು ಉಸಿರು ಬಿಗಿಹಿಡಿಯುತ್ತಾಳೆ, ಕೆಳತುಟಿ ಕಚ್ಚಿಕೊಳ್ಳುತ್ತಾಳೆ, ರಾಕ್ಷಸ ಕೈ ಎತ್ತುವವರೆಗೂ ಮುಟ್ಟುವುದಿಲ್ಲ, ಎತ್ತಿದ ಕೂಡಲೇ ಒಂದೇ ಒಂದು, ಮೆಲ್ಲಗೆ. ಅವನು ಅಷ್ಟನ್ನೂ ಮಾಡಿದ, ತುಟಿ ಕಚ್ಚಿಕೊಳ್ಳುವುದನ್ನೂ ಬಿಡಲಿಲ್ಲ. ಆದರೂ ಸತ್ತೆವು. 'ಇನ್ನೊಂದ್ಸಲ' ಎಂದ. ಮತ್ತೆ ಸತ್ತೆವು. ಮತ್ತೆ 'ಇನ್ನೊಂದ್ಸಲ' ಎಂದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಟದ ಮೇಲೋ, ಬಾಯಿಬಿಟ್ಟು ಏನನ್ನೂ ಹೇಳಿಕೊಳ್ಳದ ಈ ಮಗನ ಮೇಲೋ ಗೊತ್ತಾಗಲಿಲ್ಲ. ಟಿ.ವಿ. ಆರಿಸಿ ಅಡುಗೆಮನೆಗೆ ಹೋದೆ.

ಹಾಗೂ ಹೀಗೂ ತಳ್ಳಿಕೊಂಡು ಪಾತಾಳದ ಕೊನೆಯ ಬಾಗಿಲಿನವರೆಗೆ ಬಂದಿದ್ದೇವೆ. ಇಲ್ಲಿ ಮೂರು ತಲೆಯ ನಾಯಿ ಕಾವಲಿದೆ. ಇದೊಂದು ಜಾಗ ಮಾತ್ರ ನಿಜವಾಗಿ ಚೆನ್ನಾಗಿದೆ, ನಿನ್ನನ್ನು ಕರೆಸಿಕೊಳ್ಳಲು ಹೇಳುತ್ತಿಲ್ಲ. ಬಾಣವಿಲ್ಲ, ಜೋಕಿಲ್ಲ, ದೇವತೆಗಳೆಲ್ಲ ಕೊನೆಗೂ ಬಾಯಿ ಮುಚ್ಚಿದ್ದಾರೆ. ಒಂದು ತಲೆ ನಿದ್ದೆ ಮಾಡುವಾಗ ಇನ್ನೊಂದು ಮೂಸುತ್ತದೆ, ಮೂರನೆಯದು ನಮ್ಮ ಹುಡುಗಿಯನ್ನೇ ನೋಡುತ್ತದೆ. ಓಡುತ್ತಲೇ ಹೊಡೆಯಬೇಕು. ಕಣ್ಣು ಒಂದಾಗಿ ಕೈ ಎರಡಾಗಿರಬೇಕು. ನಾನೂ ನಿನ್ನ ಅಪ್ಪನೂ ಅಲ್ಲಿಗೆ ಹೋಗುತ್ತೇವೆ, ಕಚ್ಚಿಸಿಕೊಳ್ಳುತ್ತೇವೆ, ವಾಪಸು ಬರುತ್ತೇವೆ.

ಆದರೆ ಒಂದು ನಾಯಿ ಚೆನ್ನಾಗಿದೆಯೆಂದು ಇಡೀ ಆಟವನ್ನು ಪಾಸು ಮಾಡಲಿಕ್ಕಾಗುತ್ತದೆಯೇ? ಚೆನ್ನಾಗಿದೆ, ಬಾ ಎಂದು ಒಂದೇ ಸಾಲು ಗೀಚಿ ಹಾಕಿದ್ದರೆ ನೀನು ಈಗಲೇ ಬ್ಯಾಗು ತುಂಬುತ್ತಿದ್ದೆ. ಗೀಚಲು ಕೂತೆ, ಕೈ ಬರಲಿಲ್ಲ. ಸುಧಾರಿಸಿಲ್ಲ ಚೂಟಿ, ದೊಡ್ಡದಾಗಿದೆ ಅಷ್ಟೇ. ರಿಜೆಕ್ಟ್. ಯಾವನೋ ಎಲ್ಲೋ ಕೂತು, ಯಾರಿಗೂ ಬೇಡದ ಬಾಣವನ್ನು ನೆಲದ ಮೇಲೆ ಬರೆದ, ಅದಕ್ಕೆ ನನ್ನ ಮೊಮ್ಮಗಳು ರಜಕ್ಕೆ ಬರುವುದಿಲ್ಲವೇ? ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ ಎಂದು ಬರೆಯಬೇಕೆನಿಸುತ್ತಿದೆ. ಬರೆಯುವುದಿಲ್ಲ. ನೀನು ಕೇಳಿದ್ದು ರಿಪೋರ್ಟು, ಕೊಟ್ಟಿದ್ದೇನೆ.

ಮೂಗು ಸೋರುತ್ತಿದ್ದರೆ ತಲೆಗೆ ಸ್ನಾನ ಬೇಡ. ಗಣಿತದ ಮೇಡಂ ಹತ್ತಿರ ಎದುರು ಮಾತಾಡಬೇಡ, ಅವರ ಲೆಕ್ಕ ತಪ್ಪಿದ್ದರೂ ಮೆಲ್ಲಗೆ ಹೇಳು. ಅಮ್ಮನಿಗೆ ನನ್ನ ನೆನಪು ತಿಳಿಸು. ನಿನ್ನ ಅಪ್ಪನನ್ನು ಏನಾದರೂ ಬರೆಯುತ್ತೀಯಾ ಎಂದು ಕೇಳಿದರೆ 'ನಾನು ಕೇಳ್ದೆ ಅಂತ ಹೇಳು' ಎಂದ, ಹೇಳಿದ್ದೇನೆ. ನೂರ್ಕಾಲ ನಗುನಗುತ್ತಾ ಇರು ನನ್ನ ಬಂಗಾರ.

ನಿನ್ನ ಎಡಗೈ,
ಅಜ್ಜಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಒಂದು ವಿಷಯ ಬಿಟ್ಟಿದ್ದೆ, ಮರೆತಲ್ಲ, ಬೇಕೆಂದೇ. ಈ ಎರಡನೇ ಭಾಗದಲ್ಲಿ ಒಂದು ನಿಜವಾಗಿಯೂ ಸುಧಾರಿಸಿದೆ. ಈಗ ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ಆಡಬಹುದು. ಒಬ್ಬರು ನಡೆಸುವುದು, ಇನ್ನೊಬ್ಬರು ಹೊಡೆಯುವುದು ಎಂದು ಹಂಚಿಕೊಳ್ಳಲೂಬಹುದು. ನೀನು ಆಟ ಕೊಳ್ಳುವುದೂ ಬೇಡ, ಅಮ್ಮನ ಫೋನು ಸಾಕು. ಕನ್ನಡಕದವನು ಅಂಗಡಿಯಲ್ಲಿ ಕೂತು ತನ್ನ ಫೋನಿನಿಂದ ಹೊಡೆದ, ನಾನು ಇಲ್ಲಿಂದ ನಡೆಸಿದೆ, ಎಲ್ಲೂ ತಡವರಿಸಲಿಲ್ಲ. ನಾಯಿಯ ಹತ್ತಿರ ಮಾತ್ರ ಅವನನ್ನು ಬಿಡಲಿಲ್ಲ. ನಿನ್ನ ಅಪ್ಪ ಬೆಳಿಗ್ಗೆ, 'ಅದೊಂದು ಬರೀಬೇಡಮ್ಮ, ಅವ್ಳು ಬರೋಕೆ ಇರೋ ನೆಪ ಜೊತೇಲಿ ಕೂತು ಆಡೋದೊಂದೇ' ಎಂದ. ನಾನು ಬರೆದಿದ್ದೇನೆ. ಆದ್ದರಿಂದ ಈಗ ನಿನಗೆ ಯಾವ ನೆಪವೂ ಉಳಿದಿಲ್ಲ ಚೂಟಿ. ಆಟ ಚೆನ್ನಾಗಿಲ್ಲ, ಆಡಬೇಕೆನಿಸಿದರೂ ಅಲ್ಲಿಂದಲೇ ಆಡಬಹುದು. ಇನ್ನು ಬಂದರೆ ನಮ್ಮನ್ನು ನೋಡುವುದಕ್ಕೇ ಬರಬೇಕು. ಬರುತ್ತೀಯಾ?